ಎರಡು ಕೋಣೆ ಮನೇಲಿ ಅಪ್ಪಯ್ಯನ ಕೋವಿ ಎಲ್ಲಿಡೋದು?

ಹಾಳೆಟೋಪಿ:

ತೀರ್ಥಹಳ್ಳಿ ತಾಲೂಕು, ಆಗುಂಬೆ ಕಡೆಯವನು. ಅಡಿಕೆ ತೋಟ ಇದೆ, ಜಾಸ್ತಿ ಏನಿಲ್ಲ. ಹೋದ ವರ್ಷ ಹಿಸ್ಸೆ ಆಯ್ತು. ಹಳೇ ಮನೆ ಅಣ್ಣನ ಪಾಲಿಗೆ ಹೋಯ್ತು, ನಾನು ತೋಟದ ತಲೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಶೀಟ್ ಇಳಿಸಿದ ಜಗಲಿ ಅಂತ ಚಿಕ್ಕದೊಂದು ಮನೆ ಕಟ್ಟಿಕೊಂಡೆ. ಅಪ್ಪಯ್ಯ, ಅಮ್ಮ ನನ್ನ ಜೊತೆ. ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ಒಟ್ಟು ಆರು ಜನ. ಇದಕ್ಕೆ ಸೇರಿಸಿ ಒಂದು ಕೋವಿ.

ಒಂಟಿ ನಳಿಗೆಯ 12 ಬೋರ್, ಬೆಳೆ ರಕ್ಷಣೆ ಲೈಸೆನ್ಸ್. ನಲವತ್ತು ವರ್ಷ ಅಪ್ಪಯ್ಯನ ಹೆಸರಲ್ಲಿತ್ತು. ಅವರಿಗೆ 70 ದಾಟಿದ ಮೇಲೆ ವಾರಸುದಾರ ಅಂತ ಅರ್ಜಿ ಹಾಕಿ ನನ್ನ ಹೆಸರಿಗೆ ಮಾಡಿಸಿಕೊಂಡೆ. ಹಳೇ ಮನೇಲಿ ಅದಕ್ಕೊಂದು ಜಾಗ ಇತ್ತು. ಜಗಲಿ ಗೋಡೆ ಮೇಲೆ, ಆಳಿಗೂ ಕೈಗೆಟುಕದ ಎತ್ತರದಲ್ಲಿ ಎರಡು ಗಿಳಿಗೂಟ. ತೋಟೆಗಳು, ಅಂದರೆ ಕೋವಿಗೆ ತುಂಬೋ ಕಾರ್ತೂಸುಗಳು, ಅಡುಗೆಮನೆ ಒಲೆ ಮೇಲಿನ ನಾಗಂದಿಗೆ ಮೇಲೆ, ಹಾರ್ಲಿಕ್ಸ್ ಬಾಟಲಿಯಲ್ಲಿ. ಮಳೆಗಾಲದಲ್ಲಿ ತಂಡಿ ಹಿಡಿಬಾರದು ಅಂತ ಅಪ್ಪಯ್ಯನ ಲೆಕ್ಕಾಚಾರ! ಈಗ ನೆನೆಸಿಕೊಂಡರೆ ಮೈ ಜುಂ ಅನ್ನತ್ತೆ, ಆಗ ಯಾರಿಗೂ ಏನೂ ಅನ್ನಿಸಿರಲಿಲ್ಲ.

ಹೊಸ ಮನೇಲಿ ಗೋಡೆ ಎತ್ತರ ಕಮ್ಮಿ. ಬೀರುವಿನೊಳಗೆ ನಿಲ್ಲಿಸೋಣ ಅಂದರೆ ಮಧ್ಯೆ ಅಡ್ಡಹಲಗೆ, ಕೋವಿ ಉದ್ದ ಅಳೆದರೆ 47 ಇಂಚು. ಹಾಗಾಗಿ ಬೀರುವಿನ ಹಿಂದೆ, ಗೋಡೆಗೂ ಬೀರುವಿಗೂ ಇರೋ ಸಂದಿಯಲ್ಲಿ, ಹಳೇ ಕಂಬಳಿ ಸುತ್ತಿ ಇಟ್ಟಿದ್ದೆ. ತೋಟೆ ಅಪ್ಪಯ್ಯನ ಟ್ರಂಕಿನ ತಳದಲ್ಲಿ. ನನಗೂ ಅಪ್ಪಯ್ಯನಿಗೂ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ನನ್ನ ನಂಬಿಕೆ.

ಹೋದ ಭಾನುವಾರ ಮಗ ಹೋಮ್‌ವರ್ಕ್ ಮಾಡ್ತಾ ಕೂತಿದ್ದ. ಪೆನ್ಸಿಲಿಗೆ ಕೆಂಪು ಟೊಪ್ಪಿ ಹಾಕಿದ್ದಾನೆ. ನೋಡಿದರೆ ಹೊಡೆದ ತೋಟೆಯ ಖಾಲಿ ಕೊಳವೆ! ಎಲ್ಲಿ ಸಿಕ್ತೋ ಅಂದೆ. "ಅಜ್ಜನ ಟ್ರಂಕಲ್ಲಿ. ತುಂಬಿದ್ದೂ ಇದಾವೆ, ಅದನ್ನ ಮುಟ್ಟಿಲ್ಲ" ಅಂದ. ಗಂಟಲು ಒಣಗಿತು. ಮತ್ತೆ ಮೆಲ್ಲಗೆ, ಕೋವಿ ಎಲ್ಲಿದೆ ಗೊತ್ತಾ ಅಂದೆ. ತಲೆ ಎತ್ತದೇ "ಬೀರು ಹಿಂದೆ, ಕಂಬಳಿಯೊಳಗೆ" ಅಂದ. ತಂಗಿಗೂ ತೋರಿಸಿದ್ದಾನಂತೆ.

ಅವತ್ತೇ ತೋಟೆ ಎಲ್ಲ ಎತ್ತಿ ಬೈಕಿನ ಸೈಡ್ ಬಾಕ್ಸಲ್ಲಿ ಹಾಕಿ ಬೀಗ ಜಡಿದಿದ್ದೀನಿ. ಅದೂ ಸರಿಯಲ್ಲ ಅಂತ ಗೊತ್ತು. ಪೇಟೇಲಿ ಕೇಳಿದರೆ ಕೋವಿ ಇಡೋ ಬೀರು ಅಂತ ನಾಲ್ಕೂವರೆ ಅಡಿ ಎತ್ತರದ್ದು ತೋರಿಸ್ತಾರೆ. ಅದನ್ನಿಟ್ಟರೆ ಅಮ್ಮನ ಮಂಚ ಹೊರಗೆ ಹಾಕಬೇಕು.

ಅಪ್ಪಯ್ಯಂದು ಬೇರೆಯೇ ರಾಗ. "ಮಂಗ ಬಂದಾಗ ಕೈಗೆ ಸಿಗಬೇಕು. ನೀನು ಬೀಗ ತೆಗೆಯೋ ಹೊತ್ತಿಗೆ ಅವು ಎಳನೀರು ಕುಡಿದು ಕೈ ತೊಳ್ಕೊಂಡು ಹೋಗಿರ್ತಾವೆ." ಅದೂ ಸುಳ್ಳಲ್ಲ.

ಇಷ್ಟು ಚಿಕ್ಕ ಮನೇಲಿ, ಮಕ್ಕಳಿರೋ ಕಡೆ, ನಮ್ಮ ಮಳೆಗೆ ತುಕ್ಕೂ ಹಿಡಿಯದ ಹಾಗೆ ಯಾರಾದರೂ ಕೋವಿ ಇಟ್ಟಿದ್ದೀರಾ? ಗೋಡೆ ಸಿಮೆಂಟ್ ಬ್ಲಾಕಿಂದು, ಒಳಗೆ ಟೊಳ್ಳಿರೋದು.

ಮಾಜಿ ರೈಟರ್:

ಪೊಲೀಸ್ ಠಾಣೆಯಲ್ಲಿ ದಾಖಲೆ ಬರೆಯೋ ರೈಟರ್ ಆಗಿದ್ದವನು, ಈಗ ರಿಟೈರ್ಡ್. ಎಲೆಕ್ಷನ್ ಬಂದಾಗ ಠೇವಣಿಗೆ ಬರೋ ಕೋವಿಗಳನ್ನು ಚೀಟಿ ಕಟ್ಟಿ ರಿಜಿಸ್ಟರಿಗೆ ಹತ್ತಿಸೋದು ನನ್ನ ಕೆಲಸವಾಗಿತ್ತು. ನೂರಾರು ನೋಡಿದ್ದೀನಿ. ಸಕ್ಕರೆ ಚೀಲದಲ್ಲಿ ಸುತ್ತಿ ತಂದವರಿದ್ದಾರೆ. ಒಬ್ಬರು ತಂದ ಕೋವಿ ಬಿಚ್ಚಿ ನೋಡಿದರೆ ಒಳಗೆ ತೋಟೆ ಹಾಗೇ ಕೂತಿತ್ತು. "ಓ, ಇದು ದೀಪಾವಳೀಲಿ ಹಾಕಿದ್ದು" ಅಂದರು. ಬಂದಿದ್ದು ಏಪ್ರಿಲಲ್ಲಿ.

ಮೊದಲು ಒಂದು ಮಾತು. ಬೈಕಿನ ಬಾಕ್ಸಿಂದ ತೋಟೆ ಇವತ್ತೇ ತೆಗೀರಿ. ಬಿಸಿಲಿಗೆ ನಿಂತ ಬೈಕು, ಪೇಟೇಲಿ ಕಳ್ಳರ ಕೈ, ಎರಡೂ ಕೆಟ್ಟದ್ದು. ಹೇಗೂ ಲೈಸೆನ್ಸ್ ತಗೊಳ್ಳುವಾಗ ಭದ್ರವಾಗಿ ಇಡ್ತೀನಿ ಅಂತ ಬರೆದುಕೊಟ್ಟಿರ್ತೀರಿ. ಷರತ್ತು ಮುರಿದರೆ 1959ರ ಆರ್ಮ್ಸ್ ಆಕ್ಟ್ 30ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಂತಿದೆ. ನಿಮ್ಮನ್ನು ಹೆದರಿಸೋಕೆ ಹೇಳಿದ್ದಲ್ಲ. ಕೋವಿ ಕಳುವಾಗಿ ಯಾವುದಾದರೂ ಕೇಸಲ್ಲಿ ಸಿಕ್ಕಿದರೆ ಮೊದಲು ಬಾಗಿಲು ಬಡಿಯೋದು ನಿಮ್ಮದೇ.

ಇನ್ನು ಜಾಗದ ವಿಷಯ. ನೀವು 47 ಇಂಚು ಅಂತ ಲೆಕ್ಕ ಹಾಕಿದ್ದೇ ತಪ್ಪು. ನಡುವೆ ಮಡಚಿ ತೋಟೆ ತುಂಬೋ ಕೋವಿ ತಾನೆ? ನಳಿಗೆ ಅಡಿಯ ಮರದ ತುಂಡು ಎಳೆದು ತೆಗೆದರೆ ನಳಿಗೆ ಹಿಡಿಯಿಂದ ಕಳಚಿ ಬರತ್ತೆ. ಮೂರು ತುಂಡು. ಅದರಲ್ಲಿ ಉದ್ದದ್ದು ನಳಿಗೆ, ಹೆಚ್ಚೆಂದರೆ 30, 32 ಇಂಚು. ಮೂರಡಿ ಪೆಟ್ಟಿಗೆ ಸಾಕು ಮಾರಾಯ್ರೆ, ನಾಲ್ಕೂವರೆ ಅಡಿ ಬೀರು ಯಾಕೆ? ಕಳಚೋ ಮೊದಲು ತೋಟೆ ಇಲ್ಲ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಕತ್ತಲಲ್ಲಿ ಕಣ್ಣು ಮೋಸ ಮಾಡತ್ತೆ.

ಆ ಮರದ ತುಂಡನ್ನು ಬೇರೆ ಕಡೆ ಬೀಗದೊಳಗೆ ಇಡಿ. ಗೇಣುದ್ದ ಇರತ್ತೆ ಅಷ್ಟೇ. ಅದಿಲ್ಲದೆ ಕೋವಿ ಸರಿಯಾಗಿ ಕೂರಲ್ಲ, ಕದ್ದವನಿಗೂ ತಲೆನೋವು.

ಇನ್ನೊಂದು, ಇದು ಹೇಳೋಕೆ ಸ್ವಲ್ಪ ಕಷ್ಟ. ಲೈಸೆನ್ಸ್ ಈಗ ನಿಮ್ಮ ಹೆಸರಲ್ಲಿದೆ. ಬೀಗದಕೈ ನಿಮ್ಮೊಬ್ಬರ ಹತ್ತಿರವೇ ಇರಬೇಕು. ಅಪ್ಪಯ್ಯನ ಹತ್ತಿರವೂ ಅಲ್ಲ.

ಹಾಳೆಟೋಪಿ:

ರೈಟರ್ ಸಾರ್, ತೋಟೆ ತೆಗೆದೆ. ಸದ್ಯಕ್ಕೆ ಬೀರುವಿನೊಳಗಿನ ಲಾಕರಿಗೆ ಹಾಕಿದ್ದೀನಿ, ಹೆಂಡತಿ ಬಂಗಾರದ ಪಕ್ಕ. ಹದಿನಾಲ್ಕು ತೋಟೆ ಇದೆ, ಬಂಗಾರ ಅಷ್ಟಿಲ್ಲ.

ಕಳಚಿ ಇಡೋದು ತಲೆಗೇ ಹೊಳೆದಿರಲಿಲ್ಲ. ಒರೆಸೋಕೆ ವರ್ಷಕ್ಕೆ ಎರಡು ಸಲ ಕಳಚ್ತೀವಿ, ಆದರೂ! ಆದರೆ ಮಂಗದ ಕಥೆ ಏನು? ಮತ್ತೆ ಆ ಕೊನೇ ಮಾತು... ಅಪ್ಪಯ್ಯನಿಗೆ ಹೇಗೆ ಹೇಳೋದು?

ಗೊರಬು:

ಇಷ್ಟೆಲ್ಲ ಯಾಕೆ? ನಮ್ಮನೇಲಿ ಮಂಚದಡಿ ಇದೆ, ಮೂವತ್ತು ವರ್ಷದಿಂದ ಏನೂ ಆಗಿಲ್ಲ. ಮಕ್ಕಳಿಗೆ ಒಂದು ಸಲ ಸರಿಯಾಗಿ ಗದರಿಸಿದರೆ ಹತ್ತಿರ ಬರಲ್ಲ.

ತೋಕ್‌ಪೂವು:

ಗೊರಬು ಅವರೇ, ಹಾಳೆಟೋಪಿಯವರ ಮಗ ತುಂಬಿದ ತೋಟೆ ಮುಟ್ಟಿಲ್ಲ ಅಂದಿದ್ದೂ ಗದರಿಸಿದ್ದಕ್ಕೇ ಇರಬೇಕು. ಆದರೆ ಪೆಟ್ಟಿಗೆ ತೆಗೆದಿದ್ದಾನಲ್ಲ? ತಂಗಿಗೂ ತೋರಿಸಿದ್ದಾನಲ್ಲ? ಅವಳಿಗೆ ನಾಲ್ಕು ವರ್ಷ.

ನಾನು ಕೊಡಗಿನವಳು. ನಮ್ಮಲ್ಲಿ ಕೋವಿ ಅಂದರೆ ಮನೆಯ ಒಬ್ಬ ಸದಸ್ಯ ಇದ್ದ ಹಾಗೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಹೊರಗಿನವರು ಅದನ್ನು ಕೇಳಿ, ಕೊಡಗಲ್ಲಿ ಕೋವಿ ಛತ್ರಿ ಥರ ಮೂಲೆಯಲ್ಲಿ ನಿಂತಿರತ್ತೆ ಅಂದುಕೊಳ್ತಾರೆ. ಲೈಸೆನ್ಸ್ ಬೇಡ ಅಂದರೆ ಬೀಗ ಬೇಡ ಅಂತಲ್ಲ.

ಸೆಪ್ಟೆಂಬರಿನ ಕೈಲ್‌ಪೊಳ್ದಿಗೆ, ಅಂದರೆ ನಮ್ಮ ಆಯುಧ ಪೂಜೆ ಹಬ್ಬಕ್ಕೆ, ಕೋವಿಗಳನ್ನು ಒರೆಸಿ, ತೋಕ್‌ಪೂ ಅನ್ನೋ ಹೂವು ಸಿಕ್ಕಿಸಿ, ಕನ್ನಿಕೊಂಬರೆ ಅನ್ನೋ ಪೂಜೆ ಕೋಣೆಯಲ್ಲಿ ದೀಪದ ಮುಂದೆ ಇಡ್ತೀವಿ. ಪೂಜೆ ಆಗೋವರೆಗೆ ಯಾರೂ ಮುಟ್ಟೋ ಹಾಗಿಲ್ಲ. ನನ್ನ ತಾತ ಹೇಳ್ತಿದ್ದರು, ಆ ಒಂದು ದಿನ ಬಿಟ್ಟು ಬೇರೆ ದಿನ ಕೋವಿ ಕಣ್ಣಿಗೆ ಬಿದ್ದರೆ ಇಟ್ಟವನು ದಡ್ಡ ಅಂತ. ಐನ್‌ಮನೆ, ಅಂದರೆ ನಮ್ಮ ಮನೆತನದ ಮೂಲಮನೆ, ದೊಡ್ಡದು, ಅಲ್ಲಿ ಇಡೋಕೆ ಜಾಗ ಬೇಕಾದಷ್ಟು. ನಾನಿರೋದು ಮಡಿಕೇರಿ ಪೇಟೇಲಿ, ಕೆಳಗೆ ಅಂಗಡಿ, ಮೇಲೆ ಮನೆ. ಬಟ್ಟೆ ಬೀರುವಿನೊಳಗೆ, ಸೀರೆ ತೂಗುಹಾಕೋ ಜಾಗದ ಹಿಂದೆ, ಮೂರಡಿ ಕಬ್ಬಿಣದ ಪೆಟ್ಟಿಗೆ ನಿಲ್ಲಿಸಿ ಗೋಡೆಗೆ ಬೋಲ್ಟ್ ಹಾಕಿಸಿದ್ದೀನಿ. ಬಾಗಿಲು ತೆಗೆದರೂ ಸೀರೆ ಬಿಟ್ಟು ಏನೂ ಕಾಣಲ್ಲ.

ಅದು ಜೋಡಿ ನಳಿಗೆದು, ಜೋಡಿಸೋಕೆ ನನಗೆ ಅರ್ಧ ನಿಮಿಷ ಸಾಕು. ನಿಮಗೆ ಅಭ್ಯಾಸ ಆದರೆ ಇನ್ನೂ ಕಮ್ಮಿ. ಮಂಗ ಅರ್ಧ ನಿಮಿಷಕ್ಕೆ ತೋಟ ಮುಗಿಸಲ್ಲ. ಆದರೂ ನೇರವಾಗಿ ಕೇಳ್ತೀನಿ, ಮಂಗಕ್ಕೆ ಕೋವಿಯೇ ಬೇಕಾ? ಸದ್ದಿಗೆ ತಾನೆ ಅವು ಓಡೋದು?

ತುಕ್ಕಿನ ಬಗ್ಗೆ ನಾನು ಕೈ ಸುಟ್ಟುಕೊಂಡವಳು. ಮೊದಲ ವರ್ಷ ಒಳಗೆ ಸ್ಪಂಜು ಇರೋ ರೆಕ್ಸಿನ್ ಚೀಲದಲ್ಲಿ ಹಾಕಿ ಪೆಟ್ಟಿಗೇಲಿ ಇಟ್ಟಿದ್ದೆ. ಜೋರು ಮಳೆಯ ಆಟಿ ತಿಂಗಳು ಮುಗಿಯೋ ಹೊತ್ತಿಗೆ ತೆಗೆದರೆ ನಳಿಗೆ ಮೇಲೆ ಕಂದು ಚುಕ್ಕೆ, ಸ್ಪಂಜಿನ ಗುರುತು ಹಾಗೇ ಅಚ್ಚೊತ್ತಿತ್ತು. ಚೀಲ, ಕಂಬಳಿ, ಚರ್ಮದ ಉರೆ, ಎಲ್ಲವೂ ತಂಡಿ ಹಿಡಿದಿಟ್ಟುಕೊಳ್ಳತ್ತೆ. ಅದೆಲ್ಲ ಪ್ರಯಾಣಕ್ಕೆ ಮಾತ್ರ. ಪೆಟ್ಟಿಗೆಯೊಳಗೆ ಬರೀ ಮೈಯಲ್ಲಿ, ತೆಳ್ಳಗೆ ಎಣ್ಣೆ ಒರೆಸಿ, ನಳಿಗೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಬಾಯಿ ಮೇಲಿದ್ದರೆ ಎಣ್ಣೆ ಇಳಿದು ಬುಡದಲ್ಲಿ ಜಿಡ್ಡಾಗಿ ನಿಲ್ಲತ್ತೆ. ತೆಂಗಿನೆಣ್ಣೆ ಬೇಡ್ವೇ ಬೇಡ, ಚಳಿಗೆ ಗಟ್ಟಿಯಾಗಿ ಅಂಟಾಗತ್ತೆ. ಹೊಲಿಗೆ ಮಿಷನ್ನಿನ ಎಣ್ಣೆ ಆದರೆ ಪರವಾಗಿಲ್ಲ.

ಲೀಡ್ಸ್ ಕನ್ನಡಿಗ:

ಹುಟ್ಟೂರು ಶಿರಸಿ, ಈಗ ಇಂಗ್ಲೆಂಡ್. ಇಲ್ಲಿ ಮಣ್ಣಿನ ತಟ್ಟೆ ಹಾರಿಸಿ ಹೊಡೆಯೋ ಕ್ಲಬ್ಬಿಗೆ ಹೋಗ್ತೀನಿ, ಹಾಗಾಗಿ ಮನೇಲಿ ಒಂದು ಶಾಟ್‌ಗನ್ ಇದೆ. ಮನೆ ಅನ್ನೋದಕ್ಕಿಂತ ಬೆಂಕಿಪೊಟ್ಟಣ ಅನ್ನಿ.

ಕೋವಿ ಇಟ್ಟುಕೊಳ್ಳೋಕೆ ಸರ್ಟಿಫಿಕೇಟ್ ಕೊಡೋ ಮೊದಲು ಪೊಲೀಸರ ಕಡೆಯವರು ಮನೆಗೇ ಬಂದು ಪೆಟ್ಟಿಗೆ ಎಳೆದು ನೋಡ್ತಾರೆ. ಇಲ್ಲಿನ ಪೆಟ್ಟಿಗೆಗಳಿಗೆ ಬಿಎಸ್ 7558 ಅಂತ ಒಂದು ಮಾನದಂಡ ಇದೆ. ಕಳಚಿ ಇಡೋರಿಗೆ ಅಂತಲೇ ಗಿಡ್ಡ ಪೆಟ್ಟಿಗೆಗಳೂ ಸಿಗ್ತಾವೆ. ನಂದು ಅಂಥದ್ದೇ, ಬಟ್ಟೆ ಕಪಾಟಿನೊಳಗೆ. ಬಂದ ಆಫೀಸರು ನನ್ನ ಹೆಂಡತಿ ಹತ್ತಿರ ಸುಮ್ಮನೆ ಮಾತಾಡ್ತಾ "ಬೀಗದಕೈ ಎಲ್ಲಿಡ್ತಾರೆ?" ಅಂತ ಕೇಳಿದರು. ಅವಳು "ನನಗೆ ಹೇಳಿದರೆ ತಾನೆ!" ಅಂತ ಸಿಡುಕಿದಳು. ಅದೇ ಸರಿ ಉತ್ತರ! ಸರ್ಟಿಫಿಕೇಟಿನಲ್ಲಿ ಹೆಸರಿಲ್ಲದವರಿಗೆ, ಹೆಂಡತಿಯೇ ಆಗಲಿ, ಬೀಗದಕೈ ಸಿಗಬಾರದು.

ರೈಟರ್ ಸಾರ್ ಹೇಳಿದ್ದಕ್ಕೆ ಸೇರಿಸೋದಾದರೆ ಗೋಡೆ. ಟೊಳ್ಳು ಬ್ಲಾಕಿಗೆ ಹಿಗ್ಗೋ ಆಂಕರ್ ಬೋಲ್ಟ್ ಹಾಕಿದರೆ ಸಿಪ್ಪೆ ಒಡೆದು ಬೋಲ್ಟಿನ ಜೊತೆ ಕೈಗೆ ಬರತ್ತೆ. ಮೂಲೆಯ ಕಾಂಕ್ರೀಟ್ ಕಂಬ ಹುಡುಕಿ, ಒಳಗಿನ ಕಬ್ಬಿಣ ತಪ್ಪಿಸಿ ತೂತು ಹಾಕಿಸಿ. ಕಂಬ ಸಿಗಲಿಲ್ಲ ಅಂದರೆ ಗೋಡೆಯ ಆಚೆ ಬದಿಗೆ ತೂರಿಸಿ, ಅಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಬಿಗಿಸಿ, ಮೇಲೆ ಗಾರೆ ಮೆತ್ತಿ. ಬೋಲ್ಟ್ ಪೆಟ್ಟಿಗೆಯ ಒಳಗಿಂದ ಹೋಗಬೇಕು, ಹೊರಗೆ ತಲೆ ಕಂಡರೆ ಸ್ಪ್ಯಾನರ್ ಇರೋ ಯಾರು ಬೇಕಾದರೂ ಬಿಚ್ಚಬಹುದು. ಮತ್ತೆ ಮಳೆ ಬಡಿಯೋ ಪಡುವಣ ಗೋಡೆಗೆ ಬೇಡ, ಎರಡು ಕೋಣೆ ನಡುವಿನ ಗೋಡೆಗೆ ಇರಲಿ. ಹೊರಗೋಡೆ ತಣ್ಣಗಿದ್ದು ಪೆಟ್ಟಿಗೆ ಬೆವರತ್ತೆ, ಇದು ಯಾರ್ಕ್‌ಶೈರಿಗೂ ಆಗುಂಬೆಗೂ ಒಂದೇ.

ಮಾಜಿ ರೈಟರ್:

ಮರೆತಿದ್ದೆ. ಕೋವಿ ನಂಬರ್ ಮತ್ತೆ ಲೈಸೆನ್ಸಿನ ಜೆರಾಕ್ಸ್ ಪೆಟ್ಟಿಗೆಯೊಳಗೇ ಇಡ್ಬೇಡಿ. ಪೆಟ್ಟಿಗೆ ಹೋದರೆ ಅದೂ ಹೋಗತ್ತೆ, ಆಮೇಲೆ ದೂರು ಕೊಡೋಕೆ ನಂಬರೇ ನೆನಪಿರಲ್ಲ. ಅಂಥ ಮೂರು ಕೇಸ್ ಬರೆದಿದ್ದೀನಿ. ಮನೆಗೆ ಬೀಗ ಹಾಕಿ ವಾರಗಟ್ಟಲೆ ಹೋಗೋದಿದ್ದರೆ ಠಾಣೆಗೋ ಜೋಪಾನಕ್ಕೆ ಇಟ್ಟುಕೊಳ್ಳೋ ಪರವಾನಗಿ ಇರೋ ಬಂದೂಕಿನ ಅಂಗಡಿಗೋ ಕೊಟ್ಟು ರಸೀದಿ ತಗೊಳ್ಳಿ. ಪೆಟ್ಟಿಗೆ ಮಾಡಿಸುವಾಗ ವೆಲ್ಡಿಂಗ್ ಅಂಗಡೀಲಿ ಯಾತಕ್ಕೆ ಅಂತ ಡಂಗುರ ಹೊಡೀಬೇಡಿ.

ಹಾಳೆಟೋಪಿ:

ಮೂರು ವಾರ ಆಯ್ತು, ಆಗಿದ್ದು ಬರೀತೀನಿ.

ವೆಲ್ಡಿಂಗ್ ಅಂಗಡಿಯವನಿಗೆ "ಜಮೀನಿನ ದಾಖಲೆ ಇಡೋಕೆ" ಅಂದೆ. ಒಳಗಡೆ 34 ಇಂಚು ಉದ್ದ, 9 ಅಗಲ, 5 ಆಳ, ಮೂರು ಮಿಲಿಮೀಟರ್ ತಗಡು. "ದಾಖಲೆಗೆ ಇಷ್ಟುದ್ದ ಯಾಕೆ?" ಅಂದ. "ನಮ್ಮ ಹಿಸ್ಸೆ ಪತ್ರ ಅಷ್ಟುದ್ದ ಇದೆ" ಅಂದೆ. ನಕ್ಕು ಮತ್ತೆ ಕೇಳಲಿಲ್ಲ, ಅವನಿಗೂ ಅಣ್ಣತಮ್ಮಂದಿರಿದ್ದಾರೆ.

ಎರಡು ಕೋಣೆ ಮಧ್ಯದ ಮೂಲೆಯಲ್ಲಿ ಕಂಬ ಸಿಕ್ತು. ಅಲ್ಲೇ ಗೋಡೆ ಬೀರು, ಬಟ್ಟೆ ಹಿಂದೆ ಪೆಟ್ಟಿಗೆ ನಿಂತಿದೆ. ನಾಲ್ಕು ಬೋಲ್ಟ್, ಒಳಗಿಂದ. ಎರಡನೇ ತೂತು ಹಾಕುವಾಗ ಕಬ್ಬಿಣಕ್ಕೆ ತಾಗಿ ಡ್ರಿಲ್ ಬಿಟ್ಟು ಮುರೀತು, ಒಂದಿಂಚು ಪಕ್ಕಕ್ಕೆ ಸರಿಸಿದೆ. ಕೊನೆಗೆ ನಾನೇ ಜೋತು ಬಿದ್ದು ನೋಡಿದೆ. ಅಲ್ಲಾಡಲಿಲ್ಲ. ಮಗ ಬಂದು "ಅಪ್ಪ ಯಾಕೆ ನೇತಾಡ್ತಿದೀಯ?" ಅಂದ. ಅವನಿಗೆ ಸುಳ್ಳು ಹೇಳಲಿಲ್ಲ. ಇದರಲ್ಲಿ ಕೋವಿ ಇದೆ, ನೋಡಬೇಕು ಅನ್ನಿಸಿದರೆ ನನ್ನ ಕೇಳು, ನಾನೇ ತೆಗೆದು ತೋರಿಸ್ತೀನಿ ಅಂದೆ. ಒಂದು ಸಲ ನೋಡಿದ. ಎರಡನೇ ಸಲ ಕೇಳಿಯೇ ಇಲ್ಲ, ಕ್ರಿಕೆಟ್ ಬ್ಯಾಟ್ ಬಂದಿದೆ.

ತೋಟೆಗೆ ಬೇರೆ ಚಿಕ್ಕ ಪೆಟ್ಟಿಗೆ, ಇನ್ನೊಂದು ಕೋಣೇಲಿ, ಅದರ ಬೀಗ ಬೇರೆ. ಮರದ ತುಂಡೂ ಅದರಲ್ಲೇ.

ಬೀಗದಕೈ ಎಲ್ಲಿಡೋದು ಅನ್ನೋದಕ್ಕೇ ಎರಡು ದಿನ ಹಿಡೀತು. ಮನೇಲಿ ಮಕ್ಕಳಿಗೆ ಗೊತ್ತಿಲ್ಲದ ಜಾಗವೇ ಇಲ್ಲ ಅಂತ ಅವತ್ತೇ ಗೊತ್ತಾಗಿತ್ತಲ್ಲ. ಕಡೆಗೆ ಹಳೇ ಕಾಲದವರ ಉಪಾಯವೇ ಗತಿ ಆಯ್ತು, ಜನಿವಾರಕ್ಕೆ ಕಟ್ಟಿಕೊಂಡಿದ್ದೀನಿ. ಅಪ್ಪಯ್ಯನೂ ತಿಜೋರಿ ಬೀಗದಕೈಯನ್ನು ಹಾಗೇ ಕಟ್ಟಿಕೊಳ್ತಿದ್ದರು. ಸ್ನಾನದ ಹೊತ್ತಿಗೆ ತಣ್ಣಗೆ ಬೆನ್ನಿಗೆ ತಾಗತ್ತೆ, ಅದೊಂದು ಕಿರಿಕಿರಿ.

ಅಪ್ಪಯ್ಯನಿಗೆ ನಾನು ಹೇಳಬೇಕಾಗಿಯೇ ಬರಲಿಲ್ಲ. ಬೀಗದಕೈ ಕಟ್ಟಿಕೊಂಡಿದ್ದು ನೋಡಿ "ಇನ್ನೊಂದು ಕೈ?" ಅಂದರು. ನಾನು ಸುಮ್ಮನಿದ್ದೆ. ಅವರೂ ಸುಮ್ಮನಾದರು. ಅವತ್ತು ಊಟಕ್ಕೆ ಕೂತಾಗ ಮಜ್ಜಿಗೆ ಬೇಡ ಅಂದರು, ಅಷ್ಟೇ. ಆ ಇನ್ನೊಂದು ಕೈ ಬ್ಯಾಂಕಿನ ಲಾಕರಲ್ಲಿದೆ. ಮಾರನೇ ದಿನ ಬೆಳಿಗ್ಗೆ ಅಟ್ಟದಿಂದ ಹಳೇ ಕವಣೆ ಹುಡುಕಿ ತೆಗೆದಿದ್ದಾರೆ. ಮಂಗ ಬಂದರೆ ಈಗ ಅದೇ. 76ರ ಭುಜಕ್ಕೆ ಗುರಿ ಹತ್ತಲ್ಲ, ಕಲ್ಲು ಅಣ್ಣನ ಹೆಂಚಿಗೆ ಬೀಳತ್ತೆ. ಹೋದ ವಾರ ಎರಡು ಹೆಂಚು.

ತಿಂಗಳ ಮೊದಲ ಭಾನುವಾರ ಕೋವಿ ಒರೆಸೋದು ಅಂತ ಮಾಡಿದ್ದೀನಿ. ನಾನೇ ತೆಗೆದು ಮುಂದೆ ಇಟ್ಟೆ, ಪಕ್ಕದಲ್ಲೇ ಕೂತೆ. ಅಪ್ಪಯ್ಯ ನಳಿಗೆ ಒರೆಸೋ ಗಜದ ಕೋಲಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಎಳೆದರು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿದರು. ಆಮೇಲೆ ಮೂಸಿ "ಇದೇನೋ ದರ್ಜಿ ಅಂಗಡಿ ವಾಸನೆ" ಅಂದರು.

ಒಂದು ತೊಂದರೆ ಉಳಿದಿದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಹಾಕಿದ್ದೀನಿ, ನೀಲಿ ಹರಳಿಂದು. ನಾಲ್ಕೇ ದಿನಕ್ಕೆ ತಂಡಿ ಹೀರಿ ಪೂರ್ತಿ ಗುಲಾಬಿ ಆಗತ್ತೆ. ಬಾಣಲೇಲಿ ಹುರಿದು ಮತ್ತೆ ನೀಲಿ ಮಾಡ್ತೀನಿ, ಮತ್ತೆ ನಾಲ್ಕು ದಿನ. ಹೆಂಡತಿ "ನನ್ನ ಒಗ್ಗರಣೆ ಬಾಣಲೆ ಬಿಡಿ" ಅಂತಿದ್ದಾಳೆ. ಏನಾದರೂ ದಾರಿ ಇದೆಯಾ?

ತೋಕ್‌ಪೂವು:

ಬಾಣಲೆ ಅವರಿಗೆ ವಾಪಸ್ ಕೊಡಿ, ಹರಳಿಗೆ ಅಂತ ಬೇರೆಯೇ ಪಾತ್ರೆ ಇರಲಿ. ಅಡುಗೆಯದ್ದರಲ್ಲಿ ಅದು ಬೇಡವೇ ಬೇಡ. ಹರಳಿನ ತಪ್ಪಲ್ಲ, ಬಾಗಿಲ ಸಂದಿಯಿಂದ ಹೊರಗಿನ ಗಾಳಿ ನುಗ್ತಾ ಇದೆ. ಸುತ್ತ ರಬ್ಬರ್ ಬೀಡಿಂಗ್ ಅಂಟಿಸಿ, ಬೋಲ್ಟಿನ ತೂತುಗಳಿಗೂ ಮೇಣವೋ ಎಂ-ಸೀಲೋ ತುಂಬಿ. ನಂದು ಈಗ ಮೂರು ವಾರ ನೀಲಿ ಇರತ್ತೆ.